ಒರಾಕಲ್ ಶೆಡ್ಯೂಲರ್‌ನಿಂದ ಶೆಲ್ ಸ್ಕ್ರಿಪ್ಟ್ ಓಡಿಸಿದರೆ ಅಪಾಯ ಉಂಟಾ?

ಪ್ರಶ್ನೆ (ಉಡುಪಿ)
ಸಹಕಾರಿ ಸೊಸೈಟಿಯ ಡೇಟಾಬೇಸ್, ಲಿನಕ್ಸ್ ಮೇಲೆ ಒರಾಕಲ್ 19ಸಿ. ರಾತ್ರಿ ಡೇ-ಎಂಡ್ (ದಿನದ ಲೆಕ್ಕ ಮುಗಿಸುವ ಕೆಲಸ) ಮುಗಿದ ಕೂಡಲೇ ಡೇಟಾ ಪಂಪ್ ಫೈಲನ್ನು (ಡೇಟಾಬೇಸಿನಿಂದ ಹೊರತೆಗೆದ ಡಂಪ್) ಜಿಪ್ ಮಾಡಿ ಮಂಗಳೂರು ಶಾಖೆಯ ಸರ್ವರಿಗೆ ಕಳಿಸಬೇಕು. ಡೇ-ಎಂಡ್ ಮುಗಿಯುವ ಹೊತ್ತು ದಿನಕ್ಕೊಂದು, ಹಾಗಾಗಿ ಕ್ರಾನ್ (ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಸೌಲಭ್ಯ) ಬಿಟ್ಟು ಒರಾಕಲ್‌ನದ್ದೇ ಆದ ಡಿಬಿಎಂಎಸ್_ಶೆಡ್ಯೂಲರ್‌ಗೆ ಹಾಕುವ ಅಂತ. ಅಪ್ಲಿಕೇಶನ್ ಯೂಸರಿಗೆ ಕ್ರಿಯೇಟ್ ಎಕ್ಸ್‌ಟರ್ನಲ್ ಜಾಬ್ (ಡೇಟಾಬೇಸಿನ ಹೊರಗಿನ ಪ್ರೋಗ್ರಾಮ್ ಓಡಿಸುವ ಸವಲತ್ತು) ಕೊಟ್ಟರೆ ಸಾಕಾ? ಜಾಬ್‌ನಲ್ಲಿ ಪೈಪ್ (ಒಂದು ಕಮಾಂಡಿನ ಔಟ್‌ಪುಟನ್ನು ಇನ್ನೊಂದಕ್ಕೆ ಕೊಡುವ | ಗುರುತು) ಕೆಲಸ ಮಾಡುವುದಿಲ್ಲ, ಎಂತಕ್ಕೆ?

ಉತ್ತರ 1
ಅಪ್ಲಿಕೇಶನ್ ಯೂಸರಿಗೆ ಮಾತ್ರ ಕೊಡಬೇಡಿ ಮಾರಾಯ್ರೆ. ಅದರ ಪಾಸ್‌ವರ್ಡ್ ಕಾನ್ಫಿಗ್ ಫೈಲಲ್ಲಿ ಇರ್ತದೆ. ಅದು ಸಿಕ್ಕಿದವನಿಗೆ, ಅಥವಾ ಪಿಎಲ್/ಎಸ್‌ಕ್ಯುಎಲ್ (ಒರಾಕಲ್‌ನ ಕೋಡ್ ಭಾಷೆ) ಬ್ಲಾಕನ್ನು ಸ್ಟ್ರಿಂಗ್ ಜೋಡಿಸಿ ಓಡಿಸುವ ಒಂದೇ ಒಂದು ಜಾಗ ಸಿಕ್ಕಿದವನಿಗೆ, ಸರ್ವರಿನ ಶೆಲ್ಲೇ ಸಿಕ್ಕಿದ ಹಾಗೆ.

ಲಾಗಿನ್ ಇಲ್ಲದ ಬೇರೆ ಸ್ಕೀಮಾ (ಡೇಟಾಬೇಸಿನ ಖಾತೆ) ಮಾಡಿ, ಜಾಬ್ ಅದರಲ್ಲಿರಲಿ. ಅಪ್ಲಿಕೇಶನ್‌ಗೆ ಪ್ಯಾರಾಮೀಟರ್ ಇಲ್ಲದ ಒಂದು ಪ್ರೊಸೀಜರ್ ಮೇಲೆ ಎಕ್ಸಿಕ್ಯೂಟ್ ಮಾತ್ರ. ಸವಲತ್ತುಗಳನ್ನು ಸ್ಕೀಮಾಕ್ಕೆ ನೇರವಾಗಿ ಕೊಡಿ, ರೋಲ್ (ಸವಲತ್ತುಗಳ ಗುಂಪು) ಮೂಲಕ ಕೊಟ್ಟದ್ದು ಪ್ರೊಸೀಜರ್ ಒಳಗೆ ನಡೆಯುವುದಿಲ್ಲ. ಶೆಡ್ಯೂಲರ್ ಕರೆಗಳು ತಾವಾಗಿಯೇ ಕಮಿಟ್ ಮಾಡುತ್ತವೆ (ಅಲ್ಲಿವರೆಗಿನ ಬದಲಾವಣೆ ಖಾಯಂ ಆಗುತ್ತದೆ), ಡೇ-ಎಂಡ್‌ನ ಅರ್ಧದಲ್ಲಿ ಕರೆಯಬೇಡಿ. ಕ್ರಿಯೇಟ್ ಎನಿ ಜಾಬ್ ಯಾರಿಗೂ ಬೇಡ: ಬೇರೆಯವರ ಹೆಸರಲ್ಲಿ ಕೋಡ್ ಓಡಿಸಬಹುದು.

ಪೈಪ್ ವಿಷಯ: ಎಕ್ಸಿಕ್ಯೂಟಬಲ್ ಜಾಬ್ ಪ್ರೋಗ್ರಾಮನ್ನು ನೇರವಾಗಿ ಕರೆಯುತ್ತದೆ, ನಡುವೆ ಶೆಲ್ ಇಲ್ಲ. ಅದಕ್ಕೆ '/ಬಿನ್/ಎಸ್‌ಎಚ್ -ಸಿ' ಹಾಕಿ ಟೇಬಲ್‌ನ ಮೌಲ್ಯಗಳನ್ನು ಜೋಡಿಸಿದರೆ ಫೈಲ್ ಹೆಸರಿನಲ್ಲಿ ಒಂದು ಸೆಮಿಕೋಲನ್ ಬಂದರೂ ಹೊಸ ಕಮಾಂಡ್ ಓಡುತ್ತದೆ. ಪೈಪ್ ಸ್ಕ್ರಿಪ್ಟ್ ಫೈಲಿನೊಳಗೇ ಇರಲಿ. ಕಮಾಂಡಿಗೆಲ್ಲ ಪೂರ್ತಿ ಪಾತ್ ಕೊಡಿ.

ಉತ್ತರ 2
ಯಾವ ಓಎಸ್ ಯೂಸರ್ ಆಗಿ ಓಡುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಕ್ರೆಡೆನ್ಷಿಯಲ್ (ಓಎಸ್ ಯೂಸರಿನ ಹೆಸರು, ಪಾಸ್‌ವರ್ಡ್) ಕೊಡದಿದ್ದರೆ ಎಕ್ಸ್‌ಟರ್ನಲ್‌ಜಾಬ್.ಓಆರ್‌ಎ ಫೈಲಿನ ರನ್_ಯೂಸರ್, ಮೊದಲಿಗೆ ಅದು 'ನೋಬಡಿ' (ಹೆಚ್ಚು ಹಕ್ಕಿಲ್ಲದ ಯೂಸರ್). ಪರ್ಮಿಶನ್ ಎರರ್ ಬಂದಾಗ ಅದನ್ನು 'ಒರಾಕಲ್' ಅಂತ ಬದಲಿಸುವವರಿದ್ದಾರೆ. ಆ ಯೂಸರ್ ಡಿಬಿಎ ಗ್ರೂಪಿನಲ್ಲಿರುವುದರಿಂದ ಪಾಸ್‌ವರ್ಡ್ ಇಲ್ಲದೆ ಸಿಸ್‌ಡಿಬಿಎ (ಡೇಟಾಬೇಸಿನಲ್ಲಿ ಎಲ್ಲ ಹಕ್ಕೂ ಇರುವವ) ಆಗಿ ಒಳಗೆ ಹೋಗಬಹುದು. ಅಂದರೆ ಎಕ್ಸ್‌ಟರ್ನಲ್ ಜಾಬ್ ಮಾಡಬಲ್ಲ ಯಾರೇ ಆಗಲಿ ಸಿಸ್‌ಡಿಬಿಎ.

ಡಿಬಿಎ ಗ್ರೂಪಿನ ಹೊರಗಿನ ಹೊಸ ಓಎಸ್ ಯೂಸರ್ ಮಾಡಿ, ಡಿಬಿಎಂಎಸ್_ಕ್ರೆಡೆನ್ಷಿಯಲ್‌ನಲ್ಲಿ ಅದನ್ನು ಸೇರಿಸಿ, ಜಾಬ್‌ನ ಕ್ರೆಡೆನ್ಷಿಯಲ್_ನೇಮ್ ಆಗಿ ಕೊಡಿ. ಡಂಪ್ ಓದಲಿಕ್ಕೆ ಸೆಟ್‌ಎಫ್‌ಎಸಿಎಲ್‌ನಿಂದ (ಒಬ್ಬ ಯೂಸರಿಗೆ ಬೇರೆಯಾಗಿ ಅನುಮತಿ ಕೊಡುವ ಕಮಾಂಡ್) ಆ ಡೈರೆಕ್ಟರಿಯೊಳಗೆ ಹೋಗುವ ಅನುಮತಿ ಮತ್ತು ಅಲ್ಲಿನ ಹೊಸ ಫೈಲುಗಳಿಗೆ ಡಿಫಾಲ್ಟ್ ಓದುವ ಅನುಮತಿ ಸಾಕು. ಸ್ಕ್ರಿಪ್ಟ್ ಮತ್ತು ಅದರ ಮೇಲಿನ ಡೈರೆಕ್ಟರಿಗಳೆಲ್ಲ ರೂಟ್‌ನದ್ದಾಗಿರಲಿ, ಪರ್ಮಿಶನ್ 755 (ಬರೆಯುವ ಹಕ್ಕು ರೂಟ್‌ಗೆ ಮಾತ್ರ). ಇಲ್ಲದಿದ್ದರೆ ಡೇಟಾಬೇಸಿನ ಡೈರೆಕ್ಟರಿ ಆಬ್ಜೆಕ್ಟ್ (ಸರ್ವರಿನ ಒಂದು ಡೈರೆಕ್ಟರಿಗೆ ಇಟ್ಟ ಹೆಸರು) ಮೂಲಕ ಯುಟಿಎಲ್_ಫೈಲ್‌ನಿಂದ (ಫೈಲ್ ಓದಿ ಬರೆಯುವ ಒರಾಕಲ್ ಪ್ಯಾಕೇಜ್) ಸ್ಕ್ರಿಪ್ಟನ್ನೇ ತಿದ್ದಬಹುದು.

ಪ್ರಶ್ನೆ ಕೇಳಿದವರು
ನೋಡಿದೆ, ನಮ್ಮಲ್ಲಿ ರನ್_ಯೂಸರ್ 'ಒರಾಕಲ್' ಅಂತಲೇ ಉಂಟು!

ಉತ್ತರ 2
ಈಗಲೇ 'ನೋಬಡಿ' ಮಾಡಿ. ಫೈಲ್ ರೂಟ್‌ನದ್ದು, ಪರ್ಮಿಶನ್ 640. ಅದಕ್ಕೂ ಮೊದಲು ಡಿಬಿಎ_ಶೆಡ್ಯೂಲರ್_ಜಾಬ್ಸ್‌ನಲ್ಲಿ ಎಕ್ಸಿಕ್ಯೂಟಬಲ್, ಎಕ್ಸ್‌ಟರ್ನಲ್_ಸ್ಕ್ರಿಪ್ಟ್ ಬಗೆಯವು ಯಾವುವು, ಕ್ರೆಡೆನ್ಷಿಯಲ್ ಖಾಲಿ ಇರುವವು ಯಾವುವು ನೋಡಿಕೊಳ್ಳಿ, ಅವು ನಿಲ್ಲಬಹುದು. ಸವಲತ್ತು ಯಾರಿಗೆಲ್ಲ ಉಂಟೆಂದು ಡಿಬಿಎ_ಸಿಸ್_ಪ್ರಿವ್ಸ್ ಹೇಳುತ್ತದೆ.

ಉತ್ತರ 3 (ಮಂಗಳೂರು)
ನನ್ನ ಅಭಿಪ್ರಾಯದಲ್ಲಿ ಇಲ್ಲಿ ಎಕ್ಸ್‌ಟರ್ನಲ್ ಜಾಬೇ ಬೇಡ. ಡೇ-ಎಂಡ್ ಮುಗಿದಾಗ ಒಂದು ಟೇಬಲ್‌ನಲ್ಲಿ ಒಂದು ಸಾಲು ಬರೆಯಲಿ. 5 ನಿಮಿಷಕ್ಕೊಮ್ಮೆ ಕ್ರಾನ್ ಅದನ್ನು ಓದಿ ಜಿಪ್ ಮಾಡಲಿ. ಫೈಲನ್ನು ಉಡುಪಿಯಿಂದ ತಳ್ಳುವ ಬದಲು ಮಂಗಳೂರಿನ ಸರ್ವರ್ ಬಂದು ಎಳೆದುಕೊಳ್ಳಲಿ, ಓದುವ ಹಕ್ಕಷ್ಟೇ ಇರುವ ಎಸ್‌ಎಸ್‌ಎಚ್ ಕೀಯಿಂದ. ಉಡುಪಿಯ ಸರ್ವರಿಗೆ ಯಾರಾದರೂ ನುಗ್ಗಿದರೂ ಮಂಗಳೂರಿನ ಹಳೆಯ ಬ್ಯಾಕಪ್‌ಗಳನ್ನು ಅಳಿಸುವ ಕೀ ಅಲ್ಲಿ ಸಿಗುವುದಿಲ್ಲ.