ವರ್ಚುವಲ್ ಸರ್ವರ್ ಟೈಮ್ ಕಮಾಂಡ್ ಲೈನ್‌ನಿಂದ ಬದಲಿಸುವುದು ಹೇಗೆ?

ಗಂಜ್_ಹುಡುಗ:
ಕಲಬುರಗಿಯ ಒಂದು ದಾಲ್ ಮಿಲ್‌ನ ಸರ್ವರ್ ನೋಡಿಕೊಳ್ಳುತ್ತೇನೆ. ಉಬುಂಟು (ಲಿನಕ್ಸ್), ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಟೈಪ್ ಮಾಡುವ ದಾರಿ) ಮಾತ್ರ ಇದೆ. ಬೆಳಿಗ್ಗೆ 6ಕ್ಕೆ ತೊಗರಿ ದರದ ಮೆಸೇಜ್ ಹೋಗಲಿ ಅಂತ ಕ್ರಾನ್ (ಹೇಳಿದ ಸಮಯಕ್ಕೆ ಕೆಲಸ ತಾನಾಗಿ ನಡೆಸುವ ಪ್ರೋಗ್ರಾಂ) ಹಾಕಿದರೆ ಅದು 11.30ಕ್ಕೆ ಹೋಗುತ್ತದೆ, ಅಷ್ಟೊತ್ತಿಗೆ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಮಾಲು ತರುವವರು ಮನೆ ಬಿಟ್ಟಿರುತ್ತಾರೆ. ಹೋಸ್ಟ್‌ನೇಮ್ (ಸರ್ವರ್‌ನ ಹೆಸರು) ಕೂಡ ಏನೇನೋ ಉದ್ದ ನಂಬರ್. ಎರಡೂ ಸರಿ ಮಾಡುವುದು ಹೇಗೆ?

ಬೀದರ್_ಟರ್ಮಿನಲ್:
ಸರ್ವರ್ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇದೆ ಅಣ್ಣ. ನಾವು ಐದೂವರೆ ಗಂಟೆ ಮುಂದೆ. 'ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಝೋನ್ ಏಷ್ಯಾ/ಕೋಲ್ಕತಾ' ಕೊಡಿ, ಸುಡೋ ಅಂದರೆ ಅಡ್ಮಿನ್ ಅಧಿಕಾರದಿಂದ ನಡೆಸು ಅಂತ. ಆಮೇಲೆ ಕ್ರಾನ್ ಸರ್ವಿಸ್ ರೀಸ್ಟಾರ್ಟ್ ಮಾಡಲೇಬೇಕು, ಇಲ್ಲದಿದ್ದರೆ ಅದು ಹಳೆಯ ಟೈಮನ್ನೇ ಹಿಡಿದುಕೊಂಡು ಕೂತಿರುತ್ತದೆ. ಹೆಸರಿಗೆ 'ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್', ಮುಂದೆ ಹೊಸ ಹೆಸರು. ಇಟಿಸಿ ಫೋಲ್ಡರ್‌ನ ಹೋಸ್ಟ್ಸ್ ಫೈಲಿನಲ್ಲೂ ಅದನ್ನೇ ಬರೆಯಿರಿ, ಇಲ್ಲದಿದ್ದರೆ ಸುಡೋ ಕೊಟ್ಟಾಗಲೆಲ್ಲ ಗೊಣಗಬಹುದು.

ಯಾದಗಿರಿ_ಲಿನಕ್ಸ್:
ನಾನಾಗಿದ್ದರೆ ಟೈಮ್‌ಝೋನ್ ಮುಟ್ಟುತ್ತಿರಲಿಲ್ಲ. ಕ್ರಾನ್‌ನಲ್ಲಿ 0 ಗಂಟೆ 30 ನಿಮಿಷ (ನಮ್ಮ ಬೆಳಿಗ್ಗೆ 6) ಅಂತ ಬರೆದರೆ ಮುಗಿಯಿತು, ನಮ್ಮಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲವಲ್ಲ, ಹಾಗಾಗಿ ಲೆಕ್ಕ ವರ್ಷವಿಡೀ ಒಂದೇ. ನಾಳೆ ಬೇರೆ ದೇಶದಲ್ಲಿ ಇನ್ನೊಂದು ಸರ್ವರ್ ತಗೊಂಡರೆ ಲಾಗ್ (ಸರ್ವರ್ ಬರೆದಿಡುವ ದಾಖಲೆ) ಹೋಲಿಸುವುದೂ ಸುಲಭ. ಮತ್ತೆ, ರೀಬೂಟ್ ಆದ ಮೇಲೆ ಹಳೆಯ ಹೋಸ್ಟ್‌ನೇಮ್ ವಾಪಸ್ ಬಂದರೆ ಅದು ಕ್ಲೌಡ್-ಇನಿಟ್ (ಕ್ಲೌಡ್ ಸರ್ವರ್ ಶುರುವಾಗುವಾಗ ಅದರ ಸೆಟ್ಟಿಂಗ್ ಹಾಕುವ ಪ್ರೋಗ್ರಾಂ) ಕೆಲಸ. ಅದರ ಕಾನ್ಫಿಗ್‌ನಲ್ಲಿ 'ಪ್ರಿಸರ್ವ್ ಹೋಸ್ಟ್‌ನೇಮ್' ಟ್ರೂ ಮಾಡಿ.

ಗಂಜ್_ಹುಡುಗ:
ಇರುವುದೇ ಒಂದು ಸರ್ವರ್ ರೀ, ಲಾಗ್ ನೋಡುವವರು ಮಿಲ್ಲಿನ ಮುನೀಮರು. ಅವರಿಗೆ ಯುಟಿಸಿ ಯಾರು ವಿವರಿಸಬೇಕು? ಕೋಲ್ಕತಾನೇ ಇಟ್ಟೆ. ಕ್ಲೌಡ್-ಇನಿಟ್ ವಿಷಯ ಹೇಳಿದ್ದು ಒಳ್ಳೆಯದಾಯಿತು.