ಅಪ್‌ಡೇಟ್: ಲಿಟರ್ ಬಾಕ್ಸ್ ಬಿಟ್ಟಿದ್ದ ನಮ್ಮ ಚಿನ್ನು

ಹೋದ ವಾರ ಕೇಳಿದ್ದೆ: ನಾಲ್ಕು ವರ್ಷದ ಗಂಡು ಬೆಕ್ಕು ಇದ್ದಕ್ಕಿದ್ದಂತೆ ಲಿಟರ್ ಬಾಕ್ಸ್ (ಬೆಕ್ಕಿನ ಶೌಚಕ್ಕೆ ಇಡುವ ಮರಳಿನ ಡಬ್ಬ) ಬಿಟ್ಟು ಕಾಲೊರಸಿನ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ, ಹಠವೇ ಅಂತ. "ಮೊದಲು ಡಾಕ್ಟರಿಗೆ ತೋರಿಸಿ" ಅಂದವರಿಗೆಲ್ಲ ಕೈಮುಗಿಯುತ್ತೇನೆ.

ಹಠ ಅಲ್ಲ, ನೋವು. ಮರುದಿನ ಗಮನವಿಟ್ಟು ನೋಡಿದರೆ ಹತ್ತು ಸಲ ಬಾಕ್ಸಿಗೆ ಹೋಗಿ ಕೂತು ತಿಣುಕಿದ, ಬಂದದ್ದು ಎರಡು ಹನಿ. ನಾನು ಮಲಬದ್ಧತೆ ಅಂದುಕೊಂಡೆ. ಡಾಕ್ಟರು ಹೊಟ್ಟೆ ಮುಟ್ಟಿದ ಕೂಡಲೇ ಮೂತ್ರಕೋಶ ಕಲ್ಲಿನಂತೆ ಬಿಗಿದಿದೆ ಅಂದರು. ಸ್ಟ್ರುವೈಟ್ ಅನ್ನುವ, ಮೂತ್ರದಲ್ಲಿ ಖನಿಜ ಗಟ್ಟಿಯಾಗಿ ಆಗುವ ಹರಳುಗಳಿಂದ ಮೂತ್ರ ಹೊರಹೋಗುವ ನಾಳ ಕಟ್ಟಿಕೊಂಡಿತ್ತು. ಗಂಡು ಬೆಕ್ಕಿಗೆ ಆ ನಾಳ ಬಹಳ ಕಿರಿದು. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಜೀವ ಹೋಗಬಹುದಂತೆ. ಕೇಳಿ ಕೈಕಾಲು ತಣ್ಣಗಾಯಿತು. ಅವನನ್ನು ಎರಡು ಸಲ ಗದರಿದ್ದೆ, ಅದಿನ್ನೂ ಕೊರೆಯುತ್ತಿದೆ.

ಮೂತ್ರ ಹೊರತೆಗೆಯಲು ಕ್ಯಾಥೆಟರ್ (ಸಣ್ಣ ಕೊಳವೆ) ಹಾಕಿ, ಡ್ರಿಪ್ ಕೊಟ್ಟು 3 ದಿನ ಇಟ್ಟುಕೊಂಡರು. ಈಗ ಮನೆಯಲ್ಲಿದ್ದಾನೆ. ಒಣ ಆಹಾರ ನಿಲ್ಲಿಸಿ ಅವರು ಬರೆದುಕೊಟ್ಟ ಹಸಿ ಆಹಾರ, ಮೂರು ಕಡೆ ನೀರಿನ ಬಟ್ಟಲು. ಹಳೆ ಬಾಕ್ಸ್ ಕಂಡರೆ ಹಿಂಜರಿಯುತ್ತಾನೆ, ನೋವಿನ ನೆನಪಿರಬೇಕು. ಮುಚ್ಚಳವಿಲ್ಲದ ಇನ್ನೊಂದನ್ನು ಹಾಲ್ ಮೂಲೆಯಲ್ಲಿಟ್ಟೆವು. ನಿನ್ನೆ ರಾತ್ರಿ ಅದರಲ್ಲಿ ಒದ್ದೆ ಮರಳಿನ ದೊಡ್ಡ ಉಂಡೆ ಕಂಡಾಗ ಅಮ್ಮನನ್ನು ಎಬ್ಬಿಸಿ ತೋರಿಸಿದೆ.