ಬೇರೆಯವರ ಸೆಂಟಿಗೆ ನನಗೆ ತಲೆನೋವು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಗಬೇಡಿ, ನನ್ನ ತೊಂದರೆ ಬೇರೆಯವರು ಹಾಕಿಕೊಳ್ಳುವ ಸೆಂಟು. ನಿನ್ನೆ ಲಿಫ್ಟಿಗೆ ಒಬ್ಬರು ಹತ್ತಿದರು. ಬಾಗಿಲು ಮುಚ್ಚುವಷ್ಟರಲ್ಲಿ ಗಂಟಲು ಕೆರೆತ ಶುರು. ಐದನೇ ಮಹಡಿ ಬರುವಾಗ ಕಣ್ಣಲ್ಲಿ ನೀರು, ಎಡಗಣ್ಣಿನ ಹಿಂದೆ ಅದೇ ಹಳೇ ನೋವು. ಅವರು ಇಳಿದರೂ ವಾಸನೆ ಇಳಿಯಲಿಲ್ಲ! ಉಳಿದ ದಿನವೆಲ್ಲ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ.

ಡಾಕ್ಟರಿಗೆ ತೋರಿಸಿದ್ದೇನೆ. ಮೈಗ್ರೇನ್, ಆಸ್ತಮಾ ಇರುವವರಿಗೆ ಗಾಢ ವಾಸನೆಯೇ ಸಾಕು, ಕೆರಳಿಸಿಬಿಡುತ್ತದೆ ಅಂದರು. ಮನೆಯಲ್ಲಿ ಸೋಪು, ಬಟ್ಟೆ ಪುಡಿ ಎಲ್ಲ ಬದಲಾಯಿಸಿದ್ದಾಯ್ತು. ಹೊರಗೆ ಏನು ಮಾಡೋದು? ಎನ್‌95 ಮಾಸ್ಕ್ ಧೂಳನ್ನು ತಡೆಯುತ್ತದೆ. ಆದರೆ ಸೆಂಟಿನದು ಆವಿ, ನುಸುಳಿ ಬರುತ್ತದೆ. ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಂಥರಾ ಇದ್ದಿಲಿನ ಪದರ ಇರುವ ಮಾಸ್ಕ್ ಬಳಸಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಬಾಳಿಕೆ ಬರುತ್ತದೆ?

ಇನ್ನೊಂದು ವಿಷಯ. ಆಫೀಸಿನಲ್ಲಿ ಪಕ್ಕದ ಸೀಟಿನವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು? ತುಂಬಾ ಒಳ್ಳೆಯವರು. ‘ನಿಮ್ಮ ವಾಸನೆ ತಡೆಯೋಕಾಗಲ್ಲ’ ಅಂದರೆ ಅರ್ಥವೇ ಬೇರೆ ಆಗುತ್ತದೆ ಅಲ್ವಾ! ನೀವು ಹೇಳಿದ್ದರೆ ಯಾವ ಮಾತಲ್ಲಿ ಹೇಳಿದಿರಿ, ಅದನ್ನೇ ಬರೆಯಿರಿ. ‘ಕಿಟಕಿ ತೆಗೀರಿ’ ಅಂತ ಮಾತ್ರ ಸುಮ್ನೆ ಹೇಳಬೇಡಿ, ಅಲ್ಲಿ ತೆಗೆಯುವಂಥ ಕಿಟಕಿಯೇ ಇಲ್ಲ.